ಸರೋಜಳ ಬೆನ್ನಿಗೊಂದು ಹೆಡ್‌ಬೋರ್ಡ್

2023ರಲ್ಲಿ ನಾನು ಪೀಣ್ಯದ ಒಂದು ಬಸ್ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸೀಟ್ ಸೆಕ್ಷನ್ನಿನ ಸೂಪರ್‌ವೈಸರ್ ಆಗಿದ್ದೆ. ಎಂಜಿನ್ನು, ಚಕ್ರ ಮಾತ್ರ ಇರುವ ಚಾಸಿ ಬರಿಮೈಯಲ್ಲಿ ಬರುತ್ತದೆ. ನಾವು ಅದಕ್ಕೆ ತಗಡು, ಗಾಜು, ಸೀಟು ಹಾಕಿ ಬಸ್ಸು ಮಾಡಿ ಕಳಿಸುತ್ತೇವೆ. ಸೀಟಿನ ವಿಷಯದಲ್ಲಿ ನನ್ನ ಮಾತೇ ಕೊನೆ. ಮಾಲೀಕರು ಸಹ ಹೊಸ ಸೀಟಿನಲ್ಲಿ ಕೂತು, "ರಂಗಸ್ವಾಮಿ, ಓಕೆನಾ?" ಎಂದು ಕೇಳಿಯೇ ಏಳುತ್ತಿದ್ದರು. ಜಗಳಗಂಟ ಗಿರಾಕಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಎಲ್ಲರಿಗಿಂತ ಕಷ್ಟದ ಗಿರಾಕಿ ಯಾರು ಎಂದರೆ ನನ್ನ ಹೆಂಡತಿ ಸರೋಜಳ ಹೆಸರು ಹೇಳುತ್ತೇನೆ. ಅವಳೆದುರಿಗೇ ಹೇಳುತ್ತೇನೆ, ಅವಳಿಗೆ ಅದರಲ್ಲಿ ಬೇಜಾರೇನೂ ಇಲ್ಲ.

ಸರೋಜ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ದಿನವಿಡೀ ಶರ್ಟುಗಳಿಗೆ ಕಾಲರ್ ಕೂರಿಸುವ ಕೆಲಸ. ಕೂರಲು ಒಂದು ಸ್ಟೂಲು, ಒರಗಿಕೊಳ್ಳಲು ಏನೂ ಇಲ್ಲ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಟೀ ಲೋಟ ಹಿಡಿದು, ಮಂಚದ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೂರುತ್ತಾಳೆ. ಎದುರಿಗೆ ಕಿಟಕಿ. ಗಾಳಿ ಬರುತ್ತದೆ, ರಸ್ತೆ ಕಾಣುತ್ತದೆ. ಆ ಒಂದು ಗಂಟೆ ಅವಳನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಆ ವರ್ಷ ಅವಳ ಬೆನ್ನುನೋವು ಜೋರಾಯಿತು. ಎಷ್ಟು ದಿನ ಅಂತ ಮಾತ್ರೆ ನುಂಗುತ್ತೀರಿ, ಮನೆಯಲ್ಲಾದರೂ ಬೆನ್ನಿಗೆ ಮೆತ್ತಗಿನ ಆಸರೆ ಕೊಟ್ಟು ಕೂರಿ ಎಂದರು ಡಾಕ್ಟರು. ದಿಂಬು ಇಟ್ಟರೆ ಜಾರಿ ಕೆಳಗೆ ಹೋಗುತ್ತಿತ್ತು.

"ಹುಬ್ಬಳ್ಳಿಗೆ ಹೋಗೋರ ಬೆನ್ನಿಗೆಲ್ಲ ಕುಶನ್ ಹಾಕ್ತೀರಿ, ನನಗೆ ಮಾತ್ರ ಸುಣ್ಣದ ಗೋಡೆ" ಎಂದಳು ಒಂದು ದಿನ.

ಮಾತು ನಾಟಿತು. ಅದೇ ಭಾನುವಾರ ಮೇನ್ ರೋಡಿನ ಫರ್ನಿಚರ್ ಅಂಗಡಿಗೆ ಹೋದೆವು. ಅಲ್ಲೊಂದು ಮಂಚಕ್ಕೆ ತಲೆಯ ಕಡೆ ಹಸಿರು ಬಟ್ಟೆಯ, ಗುಂಡಿ ಗುಂಡಿಯಾಗಿ ಉಬ್ಬಿದ ಹೆಡ್‌ಬೋರ್ಡ್ ಇತ್ತು. ಸರೋಜ ಅದಕ್ಕೆ ಒರಗಿ ನೋಡಿದಳು, ನಾನು ರೇಟು ಕೇಳಿದೆ. ಆಮೇಲೆ ಇಬ್ಬರೂ ಅಂಗಡಿಯವರು ಕೊಟ್ಟ ನೀರು ಕುಡಿದು ಹೊರಗೆ ಬಂದೆವು.

"ಇದನ್ನ ನೀವು ಮಾಡೋಕಾಗಲ್ವಾ?" ಎಂದಳು ಮೆಟ್ಟಿಲಿಳಿಯುತ್ತಾ.

"ಯಾರನ್ನ ಏನು ಕೇಳ್ತಿದ್ದೀಯ ಅಂತ ಗೊತ್ತಾ ನಿನಗೆ?" ಎಂದೆ. ಅಲ್ಲಿಗೆ ಆರ್ಡರ್ ಖಾಯಂ ಆಯಿತು.

ಕಡಿಮೆ ಖರ್ಚಿನ ದಾರಿ ನನಗೆ ಗೊತ್ತಿತ್ತು. ಪ್ಲೈವುಡ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡೊಂದು ಅಗ್ಗಕ್ಕೆ ಸಿಕ್ಕಿತು. ಅಗಲ ಮಂಚದಷ್ಟೇ, ನಾಲ್ಕೂವರೆ ಅಡಿ. ಬಟ್ಟೆಯನ್ನು ಹಲಗೆಗೆ ಪಿನ್ನು ಹೊಡೆಯುವ ಸ್ಟೇಪಲ್ ಗನ್ ನಮ್ಮ ಸೆಕ್ಷನ್ನಿನ ಅನ್ಸರ್‌ನ ಸ್ವಂತದ್ದು, ಕೇಳಿ ತಂದೆ. ಗಲಾಟೆ ಶುರುವಾದದ್ದು ಬಟ್ಟೆಯಲ್ಲಿ. ಒರೆಸಿದರೆ ಸಾಕು, ಹತ್ತು ವರ್ಷ ಬಾಳುತ್ತದೆ ಎಂದು ನಾನು ರೆಕ್ಸಿನ್ ಸ್ಯಾಂಪಲ್ ತಂದು ತೋರಿಸಿದೆ.

"ನಾನೇನು ಟಿಕೆಟ್ ತಗೊಂಡು ಕೂತ್ಕೋಬೇಕಾ?" ಎಂದು ಅದನ್ನು ಪಕ್ಕಕ್ಕಿಟ್ಟಳು. ಚಿಕ್ಕಪೇಟೆಗೆ ತಾನೇ ಹೋಗಿ ಹಸಿರು ಕಟ್‌ಪೀಸ್ ತಂದಳು. ಚೌಕಾಸಿ ಮಾಡಿ ಅದೇ ಬಟ್ಟೆ ಹೊದಿಸಿದ ಗುಂಡಿಗಳನ್ನೂ ಮಾಡಿಸಿಕೊಂಡು ಬಂದಳು.

ಎರಡನೆಯ ಗಲಾಟೆ ಫೋಮಿನದ್ದು. ಫೋಮನ್ನು ಡೆನ್ಸಿಟಿ ಎಂಬ ಲೆಕ್ಕದಲ್ಲಿ ಆರಿಸುತ್ತೇವೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬುದೇ ಡೆನ್ಸಿಟಿ. ಅದು ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ನಾನು ಬಸ್ಸಿಗೆ ಹಾಕುವಂಥ ಗಟ್ಟಿ ಫೋಮನ್ನೇ ಕೊಂಡು ತಂದಿದ್ದೆ. ಸರೋಜ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದಳು.

"ಚೆನ್ನಾಗಿ ಬಾಳಿಕೆ ಬರುತ್ತೆ" ಎಂದೆ.

"ಅದು ಬಾಳುತ್ತೆ ಸರಿ, ಅದರ ಜೊತೆ ನಾನೂ ಬಾಳ್ಬೇಕಲ್ಲ" ಎಂದಳು. ಕೊನೆಗೆ ಅಡಿಯಲ್ಲಿ ನನ್ನ ಗಟ್ಟಿ ಫೋಮು, ಮೇಲೆ ಅವಳ ಮೆತ್ತನೆಯ ಫೋಮು ಎಂದು ರಾಜಿಯಾಯಿತು. ಆ ರಾಜಿ ಒಳ್ಳೆಯದೇ ಆಯಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಮನೆಯಲ್ಲಿ ಇನ್ನೂ ಒಪ್ಪಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಪೇಪರ್ ಹಾಸಿ ಕೆಲಸ ಶುರು ಮಾಡಿದೆ. ಗುಂಡಿ ಬರುವ ಕಡೆ ಪ್ಲೈವುಡ್ಡಿಗೆ ತೂತು ಕೊರೆದು, ಫೋಮು ಅಂಟಿಸಿ, ಬಟ್ಟೆಯ ಮೇಲೆ ಅದನ್ನು ಮಗುಚಿಟ್ಟು, ಅಂಚುಗಳನ್ನು ಹಿಂದಕ್ಕೆಳೆದು ಸ್ಟೇಪಲ್ ಹೊಡೆಯುವುದು ಕ್ರಮ. ಎಳೆತ ನಡುವಿನಿಂದ ಶುರುವಾಗಬೇಕು, ಮೂಲೆಗಳು ಕೊನೆಗೆ. ಒಂದು ಬದಿ ಮುಗಿಸಿ ಬೆವರೊರೆಸಿಕೊಳ್ಳುವಾಗ ಸರೋಜ ಸೌಟು ಹಿಡಿದೇ ಬಂದು ಬಗ್ಗಿ ನೋಡಿದಳು.

"ಬಟ್ಟೆಯ ನೂಲು ಓರೆ ಹೋಗಿದೆ. ಬಿಚ್ಚಿ."

ನನ್ನ ಸೆಕ್ಷನ್ನಿನಲ್ಲಿ ನನಗೆ ಬಿಚ್ಚಿ ಎಂದವರು ಯಾರೂ ಇಲ್ಲ. ಬಿಚ್ಚಿದೆ. ಮತ್ತೆ ಹೊಡೆದೆ. ನೈಲಾನ್ ದಾರದಲ್ಲಿ ಗುಂಡಿಗಳನ್ನು ಹಿಂದಕ್ಕೆಳೆದು ಬಿಗಿದಾಗ ಅಂಗಡಿಯ ಮಾಲಿನಂತೆಯೇ ಉಬ್ಬುಗಳು ಎದ್ದವು. ಮನೆ ಮಾಲೀಕರಾದ ನಂಜುಂಡಯ್ಯನವರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಗೊಡುವವರಲ್ಲ. ಅದಕ್ಕೆ ಹೆಡ್‌ಬೋರ್ಡಿಗೆ ಎರಡು ಮರದ ಕಾಲು ಕೊಟ್ಟು ಮಂಚಕ್ಕೇ ಬೋಲ್ಟ್ ಹಾಕುವುದೆಂದು ಮಾಡಿದ್ದೆ.

"ಯಾವ ಕಡೆಗೆ ಹಾಕ್ಲಿ?" ಎಂದು ಕೂಗಿದೆ.

"ಇನ್ಯಾವ ಕಡೆ? ನಾನು ಒರಗೋ ಕಡೆ" ಎಂದಳು ಅಡುಗೆಮನೆಯಿಂದ.

ಘಾಟಿ ರಸ್ತೆಗೆ ಹೋಗುವ ಬಸ್ಸಿನ ಸೀಟನ್ನು ಬಿಗಿಯುವಂತೆ ಅಲುಗಿದರೂ ಸಡಿಲವಾಗದ ಹಾಗೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆ. ಸಂಜೆ ಬಂದು ನೋಡು ಎಂದು ಅನ್ಸರ್‌ಗೆ ಫೋನೂ ಮಾಡಿದೆ. ಊಟ ಮಾಡಿ, ಸರೋಜ ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ, ಎಂದಿನಂತೆ ಕಿಟಕಿಯ ಕಡೆಗೆ ತಲೆ ಹಾಕಿ ಮಲಗಿದೆ. ಕಾಲು ಚಾಚಿದರೆ ಹೆಬ್ಬೆರಳಿಗೆ ಏನೋ ಮೆತ್ತಗೆ ತಾಗಿತು. ತಲೆಯೆತ್ತಿ ನೋಡಿದೆ. ನನ್ನ ಪಾದಗಳ ಆಚೆ ಹೆಡ್‌ಬೋರ್ಡ್ ಠೀವಿಯಿಂದ ನಿಂತಿತ್ತು.

ನಮ್ಮಲ್ಲಿ ಯಾರೂ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ. ಕಿಟಕಿ ದಕ್ಷಿಣಕ್ಕಿದೆ, ಅಲ್ಲಿಗೇ ತಲೆ. ಸರೋಜ ಒರಗಿ ಕೂರುವ ಗೋಡೆ ಉತ್ತರದ್ದು. ಇಷ್ಟು ವರ್ಷ ಆ ಮಂಚದ ಮೇಲೆ ಮಲಗಿದ ನಾನು ಹೆಡ್‌ಬೋರ್ಡನ್ನು ಕಾಲಿನ ಕಡೆಗೆ ಬಿಗಿದಿದ್ದೆ. ಅನ್ಸರ್ ನೋಡಿದರೆ ಸೋಮವಾರ ಇಡೀ ಪ್ಲಾಂಟಿಗೆ ಸುದ್ದಿ. ಎದ್ದವನೇ ಸ್ಪ್ಯಾನರ್ ಹುಡುಕಿದೆ. ಅಷ್ಟರಲ್ಲಿ, ಬೆಳಗ್ಗೆಯಿಂದ ಟಕಟಕ ಕೇಳಿ ಗೋಡೆಗೆ ಏನಾಯಿತೋ ಎಂದು ನಂಜುಂಡಯ್ಯನವರು ಮೇಲಿನ ಮನೆಯಿಂದ ಇಳಿದು ಬಂದರು. ಅವರಿಗೆ ವಾಸ್ತು ಎಂದರೆ ಪ್ರಾಣ.

"ಉತ್ತರಕ್ಕೆ ತಲೆ ಹಾಕ್ತೀರೇನ್ರೀ? ನನ್ನ ಮನೇಲಿ ಇದೆಲ್ಲ ನಡೆಯಲ್ಲ."

"ಇಲ್ಲ ಸಾರ್, ಆ ಕಡೆಗೆ ಬರೋದು ಕಾಲು."

ಅವರು ಒಂದು ಉಬ್ಬನ್ನು ಒತ್ತಿ ನೋಡಿದರು. "ಕಾಲಿಗ್ಯಾಕ್ರೀ ಇಷ್ಟು ದೊಡ್ಡ ಮೆತ್ತೆ?"

ನಾನು ಸ್ಪ್ಯಾನರನ್ನು ಬೋಲ್ಟಿಗೆ ಹಚ್ಚಿದೆ. ಬಿಚ್ಚಿ ದಕ್ಷಿಣದ ಕಡೆಗೆ ಹಾಕಿ, ಕಿಟಕಿ ಮುಚ್ಚಿಹೋದರೆ ಹೋಗಲಿ ಎಂದು ಅವರೇ ತೀರ್ಪು ಕೊಟ್ಟು, ಪಂಚೆ ಎತ್ತಿ ಕಟ್ಟಿ ಹೆಡ್‌ಬೋರ್ಡ್ ಹಿಡಿದುಕೊಂಡರು. ಒಂದು ಬೋಲ್ಟ್ ಬಿಚ್ಚಿದ್ದೆ. ಸರೋಜ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಏನ್ ಮಾಡ್ತಿದ್ದೀರಿ?"

"ತಲೆ ಕಡೆಗೆ ಇರಬೇಕಾದ್ದು ಕಾಲ ಕಡೆಗೆ ಆಗ್ಬಿಟ್ಟಿದೆ ಸರೋಜಾ. ಕಿಟಕಿ ಕಡೆಗೆ ಹಾಕ್ತೀವಿ, ಐದು ನಿಮಿಷ."

"ಕಿಟಕಿ ಮುಚ್ಚುತ್ತೀರಾ?" ಅವಳ ದನಿ ಏರಲಿಲ್ಲ. "ದಿನಾ ಲೈನಲ್ಲಿ ಮುಂದೆ ಕೂತೋಳ ಬೆನ್ನು ನೋಡ್ಕೊಂಡು ಹೊಲೀತೀನಿ. ಮನೇಲಿ ಗೋಡೆ ನೋಡ್ಕೊಂಡು ಕೂತ್ಕೊಳ್ಲಾ? ಮಲಗೋಕೆ ನನಗೆ ಏನೂ ಬೇಡ ಕಣ್ರೀ, ಬಿದ್ದುಕೊಂಡ್ರೆ ನಿದ್ದೆ ಬರುತ್ತೆ. ನಾನು ಕೇಳಿದ್ದು ಕೂರೋಕೆ."

ಹೇಳಿದವಳೇ ನಮ್ಮಿಬ್ಬರ ನಡುವೆ ನುಗ್ಗಿ ಮಂಚ ಹತ್ತಿದಳು. ನಂಜುಂಡಯ್ಯನವರು ಕೈಬಿಟ್ಟು ಹಿಂದೆ ಸರಿದರು. ಸರೋಜ ಕಾಲು ಚಾಚಿ, ಬೆನ್ನನ್ನು ನಿಧಾನವಾಗಿ ಹಸಿರು ಉಬ್ಬುಗಳಿಗೆ ಕೊಟ್ಟಳು. ಅವಳ ಹೆಗಲೆರಡೂ ಕೆಳಗಿಳಿದವು. ಇಷ್ಟು ದಿನ ಅವು ಬಿಗಿದುಕೊಂಡೇ ಇದ್ದವು ಎಂದು ನನಗೆ ಗೊತ್ತಾದದ್ದೇ ಆಗ. ಐದು ನಿಮಿಷದಲ್ಲಿ ಅವಳಿಗೆ ಕೂತಲ್ಲೇ ನಿದ್ದೆ ಹತ್ತಿತು. ನಂಜುಂಡಯ್ಯನವರು, "ಕೂರೋದಕ್ಕೆ ಆದ್ರೆ ವಾಸ್ತು ಏನೂ ಅಡ್ಡಿಯಿಲ್ಲ" ಎಂದು ಪಿಸುಗುಟ್ಟಿ ಹೋದರು. ಬಿಚ್ಚಿದ ಬೋಲ್ಟನ್ನು ಸದ್ದಾಗದಂತೆ ಬೆರಳಲ್ಲೇ ತಿರುಗಿಸಿ ಹಾಕಿದೆ.

ಸಂಜೆ ಅನ್ಸರ್ ಬಂದ. ನೋಡಿದ. "ಅಣ್ಣ, ರಿವರ್ಸ್ ಗೇರ್ ಹಾಕ್ಬಿಟ್ಟಿದ್ದೀರಲ್ಲ" ಎಂದ. ಸೋಮವಾರ ಪ್ಲಾಂಟಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಕ್ಯಾಂಟೀನಿನವನಿಗೂ. ನನಗೆ ನಾಚಿಕೆಯಾಗಲಿಲ್ಲ. ಈಗಲೂ ನಾವು ರಾತ್ರಿ ಕಾಲಿನ ಕೊಳೆ ತಾಗದಂತೆ ಹೆಡ್‌ಬೋರ್ಡಿಗೊಂದು ಬೆಡ್‌ಶೀಟ್ ಹೊದಿಸಿ, ಅದರ ಕಡೆಗೆ ಕಾಲು ಚಾಚಿಯೇ ಮಲಗುತ್ತೇವೆ.

ಅಲ್ಲಿಂದೀಚೆಗೆ ನಾನು ಯಾವ ಸೀಟಿಗೂ ಮೊದಲು ಅಳತೆಯ ಟೇಪು ತೆಗೆಯುವುದಿಲ್ಲ. ಕೂರುವವರನ್ನು ಕೂರಿಸಿ, ಏನು ನೋಡುತ್ತಾ ಕೂರುತ್ತೀರಿ ಎಂದು ಕೇಳುತ್ತೇನೆ. ತಲೆ ಎಲ್ಲಿಡಬೇಕೆಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬೆನ್ನು ಎಲ್ಲಿ ನೋಯುತ್ತದೆ ಎಂದು ಕೇಳಬೇಕಾದವನು ಸೀಟು ಮಾಡುವವನು.