ಹಸಿರು ಬಕೆಟ್ಟಿನ ಒಬ್ಬಟ್ಟು

ಚಿಂತಾಮಣಿಯ ನಮ್ಮ ಬೀದಿಗೆ ದಿನಾ ಬೆಳಿಗ್ಗೆ ವಿಷಲ್ ಊದುತ್ತಾ ಕಸದ ಗಾಡಿ ತಳ್ಳಿಕೊಂಡು ಬರುತ್ತಿದ್ದವನು ನಲ್ಲಪ್ಪ. ಮುನಿಸಿಪಾಲ್ಟಿಯವರು ಮನೆಮನೆಗೂ ಎರಡೆರಡು ಬಕೆಟ್ಟು ಹಂಚಿದ ವರ್ಷ, ನಮಗೆ ಪಾಠ ಹೇಳುವ ಕರ್ಮವೂ ಅವನ ತಲೆಗೇ ಬಿತ್ತು.

"ಅಮ್ಮಾ, ತಿನ್ನೋ ಪದಾರ್ಥ ಎಲ್ಲ ಹಸಿರು ಬಕೆಟ್ಟಿಗೆ, ಮಿಕ್ಕಿದ್ದು ಕೆಂಪಿಗೆ" ಅಂತ ಬಾಗಿಲು ಬಾಗಿಲಿಗೂ ಅಂಗಲಾಚಿದ. ಯಾರು ಕೇಳ್ತಾರೆ? ಹಳಸಿದ ಅನ್ನದೊಳಗೆ ಒಡೆದ ಗಾಜು ಹಾಕಿ ಕೊಡುವ ಜನ ನಾವು. ಬರಿಗೈಯಲ್ಲಿ ಅದನ್ನು ಆರಿಸಿ ಆರಿಸಿ ಅವನ ಬೆರಳಿಗೆ ಯಾವಾಗಲೂ ಬಟ್ಟೆ ಸುತ್ತಿರುತ್ತಿತ್ತು.

ಎದುರುಮನೆ ರಾಮಲಕ್ಷ್ಮಮ್ಮ ಮಹಾ ಧರ್ಮಾತ್ಮೆ. ಪ್ರತಿ ಯುಗಾದಿಗೂ ಅವನಿಗೆ ಒಬ್ಬಟ್ಟು ಕೊಡುತ್ತಿದ್ದಳು, ಕೈ ತಾಗದ ಹಾಗೆ ಮೇಲಿಂದ ಬಿಟ್ಟು. ಆ ಯುಗಾದಿಗೂ ನಲ್ಲಪ್ಪ ಎರಡು ಕೈ ಚಾಚಿ ನಿಂತ. ಆಕೆ ಹಸಿರು ಬಕೆಟ್ಟು ತಂದು ಅವನ ಕಾಲ ಹತ್ತಿರ ಇಟ್ಟಳು. ಹಳಸಲು ಅನ್ನದ ಮೇಲೆ ಎರಡು ಬಿಸಿ ಒಬ್ಬಟ್ಟು.

"ತಗೋಳಯ್ಯ. ತಿನ್ನೋದೆಲ್ಲ ಹಸಿರಿಗೆ ಅಂತ ನೀನೇ ಅಲ್ವಾ ಹೇಳಿದ್ದು? ಈಗ ಸರಿಯಾಯ್ತಾ?"

ಕುಹಕವಾದರೂ ಇತ್ತೇ ಆ ಹಾಳು ಮುಖದಲ್ಲಿ? ಇಲ್ಲ, ಕಲಿತೆ ಅನ್ನೋ ಖುಷಿ!

"ಸರಿಯಾಯ್ತಮ್ಮ" ಅಂದು ನಲ್ಲಪ್ಪ ಬಕೆಟ್ಟನ್ನು ಗಾಡಿಗೆ ಸುರಿದ. ಒಬ್ಬಟ್ಟಿನ ಹಿಂದೆಯೇ ಒಡೆದ ಲೋಟದ ಗಾಜು ಝಣ್ ಅಂತ ಬಿತ್ತು.