ನಾನೂರ ಹದಿನೇಳನೇ ನಂಬರಿನ ಮನೆ

ಮ್ಯಾರಥಾನ್ ರದ್ದಾದ ಸುದ್ದಿ ನಮ್ಮ ಪತ್ರಿಕೆಯ ಐದನೇ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂತು. ಬರೆದವನು ನಾನೇ. ನಾಲ್ಕು ಸಾಲಿಗೆ ಹತ್ತು ದಿನ ಏಕೆ ಹಿಡಿಯಿತೆಂದು ಡೆಸ್ಕಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೆನಪಿರುವಷ್ಟನ್ನು ಆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಓಟ ಚಿತ್ರದುರ್ಗದ ಕೋಟೆ ಬಾಗಿಲಿನಿಂದ ಹಿರಿಯೂರಿಗೆ ಎಂದು ಗೊತ್ತಾಗಿತ್ತು. ಹಿರಿಯೂರು ಮುಟ್ಟಿದರೂ ಮ್ಯಾರಥಾನಿಗೆ ಬೇಕಾದ ದೂರ ತುಂಬುತ್ತಿರಲಿಲ್ಲ. ಹಾಗಾಗಿ ಓಟಗಾರರನ್ನು ಊರ ನಡುವಿನಿಂದ ಬಬ್ಬೂರಿನ ಕಡೆಗೆ ತಿರುಗಿಸಿ, ಅಲ್ಲೊಂದು ಬಯಲಿನಲ್ಲಿ ಮುಗಿಸುವುದೆಂದು ಸಂಘಟನಾ ಸಮಿತಿ ತೀರ್ಮಾನಿಸಿತ್ತು. ಓಟದ ಉದ್ದೇಶ ನೀರಿನ ಜಾಗೃತಿ. ಓಟ ಇದ್ದದ್ದು ಭಾನುವಾರ. ಅದಕ್ಕೆ ಮೊದಲಿನ ಮಂಗಳವಾರ ಒಂದು ಕೆರೆಯ ಏರಿ ಒಡೆಯಿತು, ಹಳ್ಳಗಳು ರಸ್ತೆಗೆ ಬಂದವು, ವೇದಾವತಿ ಎರಡೂ ದಡ ಮೀರಿತು. ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು.

ಸಮಿತಿಯ ಕಾರ್ಯದರ್ಶಿ ಹೊಳಲ್ಕೆರೆಯವರು, ನಿವೃತ್ತ ದೈಹಿಕ ಶಿಕ್ಷಕರು. ಬುಧವಾರ ಬೆಳಿಗ್ಗೆ ಫೋನ್ ಮಾಡಿ, ಓಟ ರದ್ದಾಯಿತೇ ಎಂದು ಕೇಳಿದೆ.

"ರದ್ದು ಅನ್ನೋ ಮಾತೇ ಇಲ್ಲ. ಮುಂದೂಡಿದೀವಿ. ಹಂಗೇ ಬರ್ಕಳ್ರಿ."

ಹಾಗೇ ಬರೆದೆ.

ಮನೆ ಕಳೆದುಕೊಂಡವರನ್ನು ಹಿರಿಯೂರಿನ ಒಂದು ಕಲ್ಯಾಣ ಮಂಟಪಕ್ಕೆ ತಂದು ಇರಿಸಿದರು. ಓಟದ ಸಾಮಾನುಗಳನ್ನೆಲ್ಲ ಸಮಿತಿ ಅಲ್ಲೇ ಕೂಡಿಟ್ಟಿತ್ತು: ಬಾಳೆಹಣ್ಣು, ಗ್ಲೂಕೋಸ್ ಪೊಟ್ಟಣ, ಕಟ್ಟುಗಟ್ಟಲೆ ಟೀ ಶರ್ಟ್. ಪ್ರತಿ ಅಂಗಿಯ ಎದೆಗೂ ಓಟಗಾರರ ನಂಬರಿನ ಬಟ್ಟೆಯನ್ನು ಸ್ವಯಂಸೇವಕರು ಆಗಲೇ ಪಿನ್ನು ಹಾಕಿ ಸಿಕ್ಕಿಸಿದ್ದರು. ಜನ ಬಂದದ್ದು ಒದ್ದೆ ಬಟ್ಟೆಯಲ್ಲಿ. ಒಣಗಿದ್ದ ಬಟ್ಟೆ ಅದೊಂದೇ. ಮಧ್ಯಾಹ್ನದ ಹೊತ್ತಿಗೆ ಮಂಟಪದಲ್ಲಿದ್ದವರೆಲ್ಲ, ಸೀರೆಯ ಮೇಲೂ ಪಂಚೆಯ ಮೇಲೂ, ನೀಲಿ ಟೀ ಶರ್ಟ್ ತೊಟ್ಟು ಕುಳಿತಿದ್ದರು. ಬೆನ್ನಿನ ಮೇಲೆ 'ಹನಿ ಹನಿ ನೀರನ್ನೂ ಹಿಡಿದಿಡಿ' ಎಂದು ಬರೆದಿತ್ತು.

ಪರಿಹಾರದ ಕೆಲಸಕ್ಕೆ ನೇಮಕವಾಗಿದ್ದ ಅಧಿಕಾರಿ ಬಿದ್ದ ಮನೆಗಳ ಪಟ್ಟಿ ಮಾಡಲು ಕುಳಿತರು. ಆ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಊರದೇವತೆಯ ಹೆಸರಿಡುವುದು ವಾಡಿಕೆ. ಒಂದು ಹೆಸರು ಕೂಗಿದರೆ ಒಂಬತ್ತು ಜನ ಎದ್ದು ಬರುತ್ತಿದ್ದರು. ಗಂಡನ ಹೆಸರು ಸೇರಿಸಿ ಕೂಗಿದರೂ ನಾಲ್ಕು ಜನ ಉಳಿಯುತ್ತಿದ್ದರು. ಅರ್ಧ ಗಂಟೆ ಹೀಗೆ ನಡೆದ ಮೇಲೆ ಅಧಿಕಾರಿಯ ಕಣ್ಣು ಅಂಗಿಗಳ ಮೇಲೆ ಬಿತ್ತು. "ಹೆಸರು ಬ್ಯಾಡ, ನಂಬರ್ ಹೇಳ್ರಿ" ಎಂದರು. ಓಟಕ್ಕೆ ಹೆಸರು ಕೊಟ್ಟವರ ವಿವರವೆಲ್ಲ ಸಮಿತಿಯ ಲ್ಯಾಪ್‌ಟಾಪಿನಲ್ಲಿ ಮೊದಲೇ ಇತ್ತು. ನಂಬರ್ ಒತ್ತಿದರೆ ಉಳಿದ ಖಾನೆಗಳು ತಾವಾಗಿ ತುಂಬಿಕೊಳ್ಳುತ್ತಿದ್ದವು. ಸಂಜೆಯೊಳಗೆ ಪಟ್ಟಿ ಮುಗಿಯಿತು. ಗೊಂದಲವಿಲ್ಲದೆ ಕೆಲಸ ಮುಗಿಸಿದ್ದಾರೆ ಎಂದು ನಾನೂ ಮೆಚ್ಚಿ ಬರೆದೆ.

ಖಾನೆಗಳಲ್ಲಿ ಏನು ತುಂಬಿಕೊಂಡಿತ್ತು ಎಂಬುದನ್ನು ಯಾರೂ ನೋಡಿರಲಿಲ್ಲ. ಎರಡು ದಿನದ ನಂತರ ತಪ್ಪು ಗೊತ್ತಾದಾಗ, ರೇಷನ್ ಕಾರ್ಡು ಉಳಿಸಿಕೊಂಡು ಬಂದವರ ವಿವರವನ್ನೆಲ್ಲ ಕಾರ್ಡು ನೋಡಿ ತಿದ್ದಿದರು. ಒಬ್ಬರದು ಮಾತ್ರ ತಿದ್ದಲಾಗಲಿಲ್ಲ. ಬಬ್ಬೂರಿನ ಆಚೆ ಕುರಿ ಸಾಕುವವರ ಒಂದು ಹಟ್ಟಿ ಇದೆ. ಅಲ್ಲಿಯ ಅರವತ್ತೈದರ ಆಸುಪಾಸಿನ ಅಜ್ಜಿ ಅವರು. ಗಂಡ ಕುರಿಗಳ ಜೊತೆ ಗುಡ್ಡದ ಮೇಲಿದ್ದ. ಮನೆ ಪೂರ್ತಿ ಕೂತುಹೋಗಿ, ಕಾಗದಪತ್ರ ಇದ್ದ ಟ್ರಂಕನ್ನು ಹಳ್ಳ ಹೊತ್ತೊಯ್ದಿತ್ತು. ಅಜ್ಜಿಗೆ ಉಳಿದಿದ್ದ ದಾಖಲೆ ಎದೆಯ ಮೇಲಿನ ನಾನೂರ ಹದಿನೇಳು. ಕಂಪ್ಯೂಟರಿನ ಪ್ರಕಾರ ನಾನೂರ ಹದಿನೇಳು ಎಂದರೆ ಪುರುಷ, ವಯಸ್ಸು ಮೂವತ್ತೆಂಟು, ಹೊಸದುರ್ಗ ತಾಲ್ಲೂಕು ಬಾಗೂರು.

ಮುಂದಿನ ಮಂಗಳವಾರ ಮನೆ ಪರಿಶೀಲನೆಯ ಎಂಜಿನಿಯರ್ ಬಾಗೂರಿಗೆ ಹೊರಟರು. ರಸ್ತೆ ಕೆಟ್ಟು ಬಸ್ಸಿರಲಿಲ್ಲ. ಹೊಸದುರ್ಗದ ಕಡೆಯ ಬೆಳೆಹಾನಿ ನೋಡಬೇಕಿದ್ದ ನಾನು ಅವರ ಜೀಪಿನಲ್ಲೇ ಕುಳಿತೆ. ತೆಂಗಿನ ತೋಟದ ಪಕ್ಕದಲ್ಲಿ ತಾರಸಿ ಮನೆ. ಅಂಗಳದಲ್ಲಿ ಚಡ್ಡಿ ತೊಟ್ಟ ಮನೆಯ ಯಜಮಾನರು ನಿಂತಲ್ಲೇ ಓಡುತ್ತಿದ್ದರು. ಅವರದು ಕೊಬ್ಬರಿ ವ್ಯಾಪಾರ.

"ನಾನೂರ ಹದಿನೇಳು ನೀವೇನ್ರೀ?" ಎಂಜಿನಿಯರ್ ಕೇಳಿದರು.

"ನಾನೇ ಸಾರ್! ಓಟ ಯಾವತ್ತಂತೆ?"

"ಓಟ ಗೊತ್ತಿಲ್ಲ. ನಿಮ್ಮನೆ ಬಿದ್ದೈತಂತಲ್ರೀ."

"ಯಾವಾಗ?"

"ಹೋದ ಮಂಗಳವಾರ."

ಯಜಮಾನರು ಓಡುವುದನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿ ಮನೆಯನ್ನು ನೋಡಿದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಯಾರ್ರೀ ಅದು?"

"ನಮ್ಮನೆ ಬಿದ್ದೈತಂತೆ ಕಣೆ, ನೋಡಾಕೆ ಬಂದಾರೆ."

"ಒಳಗೆ ಬಂದು ಕುಂತ್ಕಳಾಕೆ ಹೇಳ್ರಿ. ಕಾಫಿ ಇಡ್ತೀನಿ."

ಎಂಜಿನಿಯರ್ ಟೇಪು ಹಿಡಿದು ನಾಲ್ಕೂ ಗೋಡೆ ಅಳೆದರು. 'ಮನೆ ಸುಸ್ಥಿತಿಯಲ್ಲಿದೆ, ವಾಸಕ್ಕೆ ಯೋಗ್ಯವಾಗಿದೆ' ಎಂದು ಬರೆದು, ಒಂದು ಪ್ರತಿಯನ್ನು ಯಜಮಾನರಿಗೂ ಕೊಟ್ಟರು. ಕಾಫಿ ಕುಡಿಯುತ್ತ ನಾನು ಎಂಜಿನಿಯರಿಗೆ ನಂಬರಿನ ತಪ್ಪನ್ನು ವಿವರಿಸಿದೆ.

"ನಂಗೂ ಗೊತ್ತು ಸಾರ್. ಆದ್ರೆ ನಂಗೆ ಕೊಟ್ಟಿರೋದು ಈ ನಂಬರ್. ಈ ನಂಬರಿನ ಮನೆ ನಿಂತೈತೆ. ನಿಂತಿರೋ ಮನೇನ ಬಿದ್ದೈತೆ ಅಂತ ಹೆಂಗ್ ಬರೀಲಿ? ನೀವಾದ್ರೆ ಬರೀತೀರಾ?"

ಬರೆಯುವುದಿಲ್ಲ ಎಂದು ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಎಂಜಿನಿಯರ್ ಹಟ್ಟಿಯ ಉಳಿದ ಮನೆಗಳನ್ನೆಲ್ಲ ನೋಡಿ, ಬಿದ್ದಿವೆ ಎಂದು ಬರೆದುಕೊಂಡು ಬಂದರು. ಮಧ್ಯಾಹ್ನ ಮಂಟಪದಲ್ಲಿ ಅಜ್ಜಿ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದರು. ಪಟ್ಟಿ ಸೋಮವಾರ ಮೇಲಕ್ಕೆ ಹೋಗುವುದಿತ್ತು. ಅದರಲ್ಲಿ ಬಿದ್ದಿದೆ ಎಂದು ಬರೆದ ಮನೆಗೆ ಮಾತ್ರ ಹೊಸ ಮನೆ.

"ನಿಮ್ಮನೆ ಗಟ್ಟಿ ಐತಜ್ಜಿ. ತಾರಸಿ ಮನೆ" ಎಂದರು ಅಧಿಕಾರಿ. ಅವರು ಕೆಟ್ಟವರಲ್ಲ. ವಾರದಿಂದ ಸರಿಯಾಗಿ ಮಲಗಿರಲಿಲ್ಲ, ಕಾಗದದಲ್ಲಿ ಇದ್ದದ್ದನ್ನು ಓದಿದರು.

"ಎಲ್ಲೈತೆ ಸ್ವಾಮಿ?"

"ಬಾಗೂರಾಗೆ."

"ಹಂಗಾದ್ರೆ ಅಲ್ಲೇ ಹೋಗಿ ಇರ್ತೀನಿ. ಒಂದು ಚೀಟಿ ಬರ್ಕೊಡ್ರಿ."

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ವಿವರಿಸಿದರು. ಓಟ ಚಾಲ್ತಿಯಲ್ಲಿರುವ ತನಕ ಆ ನಂಬರು ಬಾಗೂರಿನವರದು. ಓಟ ರದ್ದಾದರೆ ಓಟಗಾರರ ಪಟ್ಟಿಯೂ ರದ್ದು, ನಂಬರು ಖಾಲಿ. ಖಾಲಿ ನಂಬರಿನ ಮುಂದೆ ಅಜ್ಜಿಯ ಹೆಸರು ಬರೆದು, ಎಂಜಿನಿಯರನ್ನು ಮತ್ತೆ ಕಳಿಸಬಹುದು. "ರದ್ದಾಗೈತೆ ಅನ್ನಾಕೆ ಒಂದು ಕಾಗದ ಬೇಕಷ್ಟೆ. ಪೇಪರಿನಾಗೆ ಬಂದ್ರೂ ಸಾಕು." ಕಡತ ಬಿಚ್ಚಿ ತೋರಿಸಿದರು. ಒಳಗೆ ನನ್ನದೇ ಸುದ್ದಿಯ ತುಣುಕು ಅಂಟಿಸಿತ್ತು. ಅದರಲ್ಲಿ 'ಮುಂದೂಡಿಕೆ' ಎಂದಿತ್ತು.

ಅಜ್ಜಿ ನನ್ನ ಕಡೆ ತಿರುಗಿದರು. "ಇದನ್ನ ನೀವು ಬರ್ದಿದ್ದಾ ಸ್ವಾಮಿ?"

"ಹೌದಜ್ಜಿ."

"ಹೊಡ್ದಾಕಿ ಬೇರೆ ಬರೀರಿ."

"ಹಾಗೆ ಬರೆಯೋಕೆ ಬರಲ್ಲ. ಸಮಿತಿಯವರು ರದ್ದು ಅಂತ ಹೇಳಬೇಕು."

"ಎರಡಕ್ಷರಕ್ಕೆ ಇನ್ನೊಬ್ರನ್ನ ಕೇಳ್ಬೇಕಾ? ಓದಿದೋರಂಗೆ ಕಾಣ್ತೀರಿ."

ಕಾರ್ಯದರ್ಶಿಗೆ ಅಷ್ಟರಲ್ಲಿ ನಾಲ್ಕು ಸಲ ಫೋನ್ ಮಾಡಿದ್ದೆ. ನಾಲ್ಕು ಸಲವೂ ಮುಂದೂಡಿದ್ದೇವೆ ಎಂದೇ ಹೇಳಿದ್ದರು. ಅದನ್ನು ಅಜ್ಜಿಗೆ ತಿಳಿಸಿದೆ.

"ಅವ್ರ ಊರು ಯಾವ್ದು?"

"ಹೊಳಲ್ಕೆರೆ."

"ನಾಳೆ ಹೋಗಾಣ."

ಸುದ್ದಿಯ ಮೂಲವನ್ನು ಖುದ್ದಾಗಿ ಕಂಡು ಕೇಳುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಶುಕ್ರವಾರ ಬೆಳಿಗ್ಗೆ ಹೊರಟೆವು. ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೆಟ್ಟಿಗೆ ಕಂಡಕ್ಟರ್ ಗುರುತಿನ ಚೀಟಿ ಕೇಳಿದ. ಅಜ್ಜಿ ಎದೆಯ ನಂಬರ್ ತೋರಿಸಿದರು. ಅವನು ಅದನ್ನು ಒಮ್ಮೆ ಓದಿ, ಟಿಕೆಟ್ ಹರಿದು ಕೊಟ್ಟ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವಾಗ ಕಡಲೆಕಾಯಿ ಮಾರುವವನೊಬ್ಬ, "ಏನಜ್ಜಿ, ಎಷ್ಟನೇ ಬಹುಮಾನ ಬಂತು?" ಎಂದು ಛೇಡಿಸಿದ.

"ಇನ್ನೂ ಓಡಿಲ್ಲ ಕಣಪ್ಪ. ಈಗ ಹೋಗ್ತಿದೀನಿ."

ಕಾರ್ಯದರ್ಶಿಯ ಮನೆಯಲ್ಲಿ ಗೋಡೆಯ ಉದ್ದಕ್ಕೂ ಓಟದ ನಕ್ಷೆ ತೂಗುಹಾಕಿತ್ತು. ಬಾಗಿಲ ಮೂಲೆಯಲ್ಲಿ, ನೆಲದ ಮೇಲೆ ಉರುಳಿಸಿ ದೂರ ಅಳೆಯುವ ಹಿಡಿಕೆಯ ಚಕ್ರ. "ಬರ್ರಿ, ಕುಂತ್ಕಳ್ರಿ" ಎಂದವರು ಅಜ್ಜಿಯ ಅಂಗಿ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಬಾಗೂರಿನೋರ ನಂಬರು. ಒಳ್ಳೆ ಓಟಗಾರ."

ವಿಷಯ ಪೂರ್ತಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಜನ ಕಷ್ಟದಾಗಿದಾರೆ, ನಂಗೊತ್ತು. ಅದಕ್ಕೇ ಮುಂದೂಡಿರೋದು. ಆದ್ರೆ ರದ್ದು ಹೆಂಗ್ ಮಾಡ್ಲಿ? ಈ ದಾರಿನ ಮೂರು ಸಲ ಚಕ್ರ ಉರುಳಿಸ್ಕಂಡು ನಡ್ದೀನಿ. ನಲವತ್ತೆರಡು ಕಿಲೋಮೀಟರ್ ನೂರ ತೊಂಬತ್ತೈದು ಮೀಟರ್. ಮ್ಯಾರಥಾನ್ ಅಂದ್ರೆ ಅಷ್ಟೇ ಇರ್ಬೇಕು. ಒಂದು ಮೀಟರ್ ಹೆಚ್ಚಿಲ್ಲ, ಒಂದು ಮೀಟರ್ ಕಮ್ಮಿ ಇಲ್ಲ."

"ಅದನ್ನ ಎಷ್ಟೊತ್ತಿಗೆ ಓಡ್ತಾರೆ ಮೇಷ್ಟ್ರೇ?" ಅಜ್ಜಿ ಕೇಳಿದರು.

"ಚೆನ್ನಾಗಿ ಓಡೋರು ಮೂರು ಗಂಟೆಗೆ."

"ನಮ್ಮ ಕುರಿಗೆ ಎರಡು ದಿನ. ಹೋದ್ಮೇಲೆ ಅಲ್ಲಿ ಏನಿರ್ತೈತೆ?"

"ಏನೂ ಇರಲ್ಲ."

ಅಜ್ಜಿ ಎದ್ದು ನಕ್ಷೆಯ ಹತ್ತಿರ ಹೋದರು. ಓದು ಬರುತ್ತಿರಲಿಲ್ಲ. ತಮ್ಮ ಹಟ್ಟಿ ಎಲ್ಲಿ ಬರುತ್ತದೆ ಎಂದು ಕೇಳಿದರು. ಮೇಷ್ಟ್ರು ನಕ್ಷೆಯ ಕೊನೆಯ ಭಾಗದಲ್ಲಿ ಬೆರಳಿಟ್ಟರು.

"ಇಗಾ ಇಲ್ಲಿ. ಹಟ್ಟಿ ಪಕ್ಕದ ಮೋರಿ ದಾಟಿ ನೆಟ್ಟಗೆ ಬಯಲಿಗೆ."

"ಆ ಮೋರಿ ಈಗೆಲ್ಲೈತೆ? ಹಳ್ಳದ ಜೊತಿಗೆ ಹೋಯ್ತಲ್ಲ."

"ಮತ್ತೆ ಕಟ್ತಾರೆ ಬಿಡಮ್ಮ."

"ಅಲ್ಲಿ ಕಟ್ಟಲ್ವಂತೆ. ಹಳ್ಳ ಬೇರೆ ದಾರಿ ಹಿಡ್ದೈತೆ. ಮೇಲಿನ ದಿಬ್ಬ ಸುತ್ತಿ ರಸ್ತೆ ಹಾಕ್ತಾರಂತೆ. ಈಗ್ಲೂ ಜನ ಅಲ್ಲೇ ಓಡಾಡ್ತಾರೆ."

ಮೇಷ್ಟ್ರ ಬೆರಳು ನಕ್ಷೆಯ ಮೇಲೇ ನಿಂತಿತು. "ಎಷ್ಟು ಸುತ್ತು?"

"ಏನ್ ಮಹಾ ಇಲ್ಲ. ಎರಡು ಕೂಗಿನಷ್ಟು."

"ಎರಡು ಕೂಗು ಅಂದ್ರೆ ಎಷ್ಟು ಮೀಟರು?"

"ಕೂಗಿದ್ರೆ ಗೊತ್ತಾಗ್ತೈತೆ."

ಮಾರನೆಯ ದಿನ ಬೆಳಿಗ್ಗೆಯೇ ಮೇಷ್ಟ್ರು ಚಕ್ರವನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದರು. ಹಟ್ಟಿಯ ಪಕ್ಕದಲ್ಲಿ ಮೋರಿ ಇದ್ದ ಜಾಗ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರ ಈಚೆಗೆ ಕುಸಿದ ಮನೆಗಳ ಮಣ್ಣು ಗುಡ್ಡೆಗುಡ್ಡೆಯಾಗಿತ್ತು. ಮೇಷ್ಟ್ರು ಅವನ್ನು ದಾಟಿ, ಪ್ಯಾಂಟು ಮಡಚಿ, ಅಂಚಿನಿಂದ ಅಳತೆ ಶುರುಮಾಡಿದರು. ಅಜ್ಜಿ ಮುಂದೆ ದಾರಿ ತೋರಿಸುತ್ತ ಹೋದರು. ಕೆಸರು ಮೆತ್ತಿಕೊಂಡಾಗಲೆಲ್ಲ ಚಕ್ರವನ್ನು ಸೆರಗಿನಿಂದ ಒರೆಸಿಕೊಟ್ಟರು. ದಿಬ್ಬ ಸುತ್ತಿ ಬಯಲು ಮುಟ್ಟಿದಾಗ ಹಳೆಯ ದಾರಿಗಿಂತ ಆರುನೂರ ಹತ್ತು ಮೀಟರ್ ಹೆಚ್ಚು ಬಂತು. ಮೇಷ್ಟ್ರು ಮರಳಿ ಹೋಗಿ ಇನ್ನೊಮ್ಮೆ ಅಳೆದರು. ಆರುನೂರ ಹನ್ನೆರಡು.

ಅವರು ಬಗ್ಗಿ ಚಕ್ರಕ್ಕೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆಯತೊಡಗಿದರು. ಅಷ್ಟರಲ್ಲಿ ನನಗೊಂದು ವಿಷಯ ಹೊಳೆಯಿತು. ಚಿತ್ರದುರ್ಗದಲ್ಲಿ ಆರಂಭದ ಗೆರೆಯನ್ನು ಆರುನೂರು ಮೀಟರಿನಷ್ಟು ಈಚೆಗೆ ಎಳೆದುಬಿಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಸುದ್ದಿಗೆ ಹೋದವನು ಸಲಹೆ ಕೊಡಬಾರದು ಎಂದು ವೃತ್ತಿಯ ಮೊದಲ ತಿಂಗಳಲ್ಲೇ ನನಗೆ ಕಲಿಸಿದ್ದರು. ಕೊಡಲಿಲ್ಲ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಬರ್ಕಳ್ರಿ" ಎಂದರು ಮೇಷ್ಟ್ರು. "ರದ್ದು."

"ಕಾರಣ?"

"ಪ್ರವಾಹ ಅಂತ ಬರೀಬ್ಯಾಡ್ರಿ. ದೂರ ಸರಿ ಬರ್ಲಿಲ್ಲ ಅಂತ ಬರೀರಿ. ಇದನ್ನ ಓಡಿಸ್ಬೋದು, ಆದ್ರೆ ಇದಕ್ಕೆ ಮ್ಯಾರಥಾನ್ ಅನ್ನಾಕೆ ಬರಲ್ಲ."

ಮಾರ್ಗದ ದೂರದಲ್ಲಿ ವ್ಯತ್ಯಾಸ ಕಂಡುಬಂದಿರುವುದರಿಂದ ಓಟವನ್ನು ರದ್ದುಪಡಿಸಲಾಗಿದೆ ಎಂದು ಕಾರ್ಯದರ್ಶಿ ತಿಳಿಸಿದ್ದಾರೆ ಎಂದು ಬರೆದು ಕಳಿಸಿದೆ. ಭಾನುವಾರದ ಪತ್ರಿಕೆಯಲ್ಲಿ ಬಂತು. ಅಧಿಕಾರಿ ಅದನ್ನು ಕತ್ತರಿಸಿ, ಹಳೆಯ ತುಣುಕಿನ ಮೇಲೆ ಅಂಟಿಸಿ, ನಾನೂರ ಹದಿನೇಳರ ಮುಂದೆ ಅಜ್ಜಿಯ ಹೆಸರು ಬರೆದರು. ಬಾಗೂರಿನವರಿಗೆ ಸಮಿತಿಯಿಂದ ಫೋನ್ ಹೋಯಿತು. ಅವರು ತುಂಬ ಬೇಸರ ಮಾಡಿಕೊಂಡರಂತೆ, ಮನೆಯ ಸ್ಥಿತಿಯ ಬಗ್ಗೆ ಕೊಟ್ಟ ಕಾಗದ ತಮ್ಮ ಹತ್ತಿರವೇ ಇರಲಿ ಎಂದರಂತೆ.

ಅಂದೇ ಮಧ್ಯಾಹ್ನ ಎಂಜಿನಿಯರ್ ಹಟ್ಟಿಗೆ ಬಂದರು. ನಾನೂ ಹೋಗಿದ್ದೆ. ಮಣ್ಣಿನ ಗುಡ್ಡೆಯಲ್ಲಿ ಗೋಡೆ ಎಲ್ಲಿತ್ತೆಂದು ತಿಳಿಯುವಂತಿರಲಿಲ್ಲ. ಅಜ್ಜಿ ಒಂದೊಂದು ಮೂಲೆಗೂ ಹೋಗಿ ಟೇಪಿನ ತುದಿ ಹಿಡಿದು ನಿಂತರು. "ಇದು ಒಲೆ ಮೂಲೆ. ಇದು ಮರಿ ಕಟ್ಟೋ ಜಾಗ. ಇಲ್ಲಿ ಬಾಗ್ಲು, ಬಗ್ಗಿ ಬರ್ರಿ" ಎಂದರು. ಎಂಜಿನಿಯರ್ ಅಭ್ಯಾಸಬಲದಿಂದ ಬಗ್ಗಿಯೇ ಒಳಗೆ ಬಂದರು. ಆಮೇಲೆ ನಿಂತುಕೊಂಡೇ ಬರೆದು, ಬರೆದದ್ದನ್ನು ಓದಿದರು: "ಮನೆ ಪೂರ್ತಿ ಕುಸಿದಿದೆ. ವಾಸಕ್ಕೆ ಯೋಗ್ಯವಲ್ಲ."

"ಈಗ ಬಿದ್ದಂಗಾಯ್ತಾ ಸ್ವಾಮಿ?"

"ಬಿದ್ದಂಗಾಯ್ತಜ್ಜಿ."

"ಇನ್ನೊಂದ್ಸಲ ಓದ್ರಿ."

ಅವರು ಇನ್ನೊಮ್ಮೆ ಓದಿದರು. ಅಜ್ಜಿ ಮಣ್ಣಿನ ಗುಡ್ಡೆ ಹತ್ತಿ, ಪಕ್ಕದ ಗುಡ್ಡೆಯಲ್ಲಿ ಪಾತ್ರೆ ಹುಡುಕುತ್ತಿದ್ದ ನೆರೆಯವಳನ್ನು ಕೂಗಿದರು.

"ಲೇ, ನಮ್ಮನೆ ಬಿತ್ತು ಕಣೇ!"

ಅವಳು ತಲೆ ಎತ್ತಲಿಲ್ಲ. "ಅದೇನ್ ದೊಡ್ಡದಾಗಿ ಹೇಳ್ತೀಯಾ ಹೋಗೆ, ನಮ್ದು ಗುರುವಾರಾನೇ ಬಿತ್ತು!"