ಅಪ್ಪನಿಗೆ ಹೇಳಲಾಗದ ಸಕ್ಕರೆಯ ಪಾಠ

ಡಿಗ್ರಿಯ ಎರಡನೇ ವರ್ಷದಲ್ಲಿ ನಮಗೆ ಜೀವರಸಾಯನದ ಪಾಠ ಶುರುವಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಗುಬ್ಬಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ, ಪಿಯುಸಿಯ ಇಂಗ್ಲಿಷಿನಲ್ಲಿ ಮುಳುಗಿ ಎದ್ದು, ಹೇಗೋ ತುಮಕೂರಿನ ಕಾಲೇಜಿಗೆ ಬಿ.ಎಸ್ಸಿ. ಸೇರಿದ್ದೆ. ಪಾಠ ಮಾಡುತ್ತಿದ್ದ ಮೇಷ್ಟರು ಕೆಟ್ಟವರಲ್ಲ. ಆದರೆ ಅವರಿಗೆ ಪಾಠವೆಂದರೆ ನೋಟ್ಸ್ ಬರೆಸುವುದು. ಕಿಟಕಿಯ ಕಡೆ ಮುಖ ಮಾಡಿಕೊಂಡು, ಕಾಮಾ, ಫುಲ್‌ಸ್ಟಾಪ್ ಸಮೇತ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು. ಬರೆದದ್ದನ್ನು ಮನೆಗೆ ಬಂದು ಡಿಕ್ಷನರಿ ಇಟ್ಟುಕೊಂಡು ಬಿಡಿಸುವಷ್ಟರಲ್ಲಿ ಮಾರನೆಯ ದಿನದ ಪಾಠ ಬಂದಿರುತ್ತಿತ್ತು.

ಆದರೂ ಆ ಪಾಠ ನನ್ನನ್ನು ಹಿಡಿದುಕೊಂಡಿತು. ನಾವು ತಿಂದ ಮುದ್ದೆ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ, ರಕ್ತದಿಂದ ಒಂದೊಂದು ಜೀವಕೋಶದ ಒಳಗೂ ಹೋಗುತ್ತದೆ, ಅಲ್ಲಿ ಬೆಂಕಿಯಿಲ್ಲದೆ ಉರಿದು ನಮ್ಮನ್ನು ಓಡಾಡಿಸುತ್ತದೆ ಎಂಬುದು ಅರ್ಥವಾದ ದಿನ ನನ್ನ ಕೈಯನ್ನೇ ನಾನು ತುಂಬಾ ಹೊತ್ತು ನೋಡಿಕೊಂಡೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಹೋದರೆ ಮಾತು ಸಿಗಲಿಲ್ಲ.

ಅಪ್ಪ ಬಸ್ ಡ್ರೈವರ್. ಗುಬ್ಬಿಯಿಂದ ತುಮಕೂರಿಗೆ, ಅಲ್ಲಿಂದ ಹೆಬ್ಬೂರು ದಾಟಿ ಕುಣಿಗಲ್ಲಿಗೆ ಓಡುತ್ತಿದ್ದ ಒಂದು ಪ್ರೈವೇಟ್ ಬಸ್ಸನ್ನು ನಾನು ಹುಟ್ಟುವುದಕ್ಕೂ ಮೊದಲಿನಿಂದ ಓಡಿಸುತ್ತಿದ್ದ. ನಾನು ಕಾಲೇಜಿಗೆ ಹೋಗುತ್ತಿದ್ದದ್ದೂ ಅದರಲ್ಲೇ, ಬಾನೆಟ್ಟಿನ ಪಕ್ಕದ ಸೀಟಿನಲ್ಲಿ. ಹೀಗಾಗಿ ಅಪ್ಪನಲ್ಲಿ ಆಗುತ್ತಿದ್ದ ಬದಲಾವಣೆ ಎಲ್ಲರಿಗಿಂತ ಮೊದಲು ನನ್ನ ಕಣ್ಣಿಗೆ ಬಿತ್ತು. ಸೀಟಿನ ಕೆಳಗೆ ಒಂದು ಬಾಟಲಿ ನೀರು ಇಡುತ್ತಿದ್ದವನು ಈಗ ಕ್ಯಾನ್ ಇಟ್ಟುಕೊಂಡಿದ್ದ. ತುಮಕೂರು ಸೇರುವುದರೊಳಗೆ ಮರವೊಂದರ ಪಕ್ಕ ಬಸ್ ನಿಲ್ಲಿಸಿ ಇಳಿದು ಹೋಗುತ್ತಿದ್ದ. ಹಿಂದಿನ ಸೀಟಿನವರು ಗೊಣಗುತ್ತಿದ್ದರು. ಖಾಕಿ ಶರ್ಟು ಹೆಗಲ ಮೇಲೆ ಸಡಿಲವಾಗಿ ಜೋತಾಡುತ್ತಿತ್ತು. ಟೀ ಅಂಗಡಿಯವನು ಕೇಳದೆಯೇ ಅಪ್ಪನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದ.

"ಮೊದ್ಲಿಂದ್ಲೂ ನಿಮ್ಮಪ್ಪ ಹಿಂಗೇನೇ. ಬಿಸ್ಲಲ್ಲಿ ಇಂಜನ್ ಪಕ್ಕ ಕೂತೋರಿಗೆ ಬಾಯಾರದೇ ಇರ್ತದಾ?" ಎಂದಳು ಅವ್ವ. ಅಪ್ಪ ಮೂತ್ರ ಮಾಡುತ್ತಿದ್ದ ಬಚ್ಚಲ ಮೂಲೆಯಲ್ಲಿ ಇರುವೆ ಮುತ್ತುತ್ತಿದ್ದದ್ದನ್ನು ಅವಳೇ ದಿನಾ ನೀರು ಹಾಕಿ ತೊಳೆಯುತ್ತಿದ್ದಳು.

ಅದೇ ತಿಂಗಳು ಲ್ಯಾಬಿನಲ್ಲಿ ನಮಗೆ ಸಕ್ಕರೆಯ ಪರೀಕ್ಷೆ ಹೇಳಿಕೊಟ್ಟರು. ಮೈಲುತುತ್ತದಿಂದ ಮಾಡಿದ ನೀಲಿ ದ್ರಾವಣವನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ಪರೀಕ್ಷಿಸಬೇಕಾದದ್ದನ್ನು ಕೆಲವು ತೊಟ್ಟು ಬಿಟ್ಟು ಕುದಿಸಬೇಕು. ಗ್ಲೂಕೋಸ್ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ತುಂಬಾ ಇದ್ದರೆ ಇಟ್ಟಿಗೆಯ ಕೆಂಪು. ಮೂತ್ರದಲ್ಲಿ ಸಕ್ಕರೆ ನೋಡಲು ಡಾಕ್ಟರುಗಳು ಮಾಡುವುದೂ ಇದನ್ನೇ ಎಂದು ಮೇಷ್ಟರು ನೋಟ್ಸಿನ ಕೊನೆಯ ಸಾಲಿನಲ್ಲಿ ಬರೆಸಿದರು. ನನಗೆ ಬಚ್ಚಲ ಮೂಲೆಯ ಇರುವೆಗಳು ನೆನಪಾದವು. ಆ ದ್ರಾವಣ ಔಷಧಿ ಅಂಗಡಿಯಲ್ಲೂ ಸಿಗುತ್ತಿತ್ತು. ಅವತ್ತೇ ಒಂದು ಬಾಟಲಿಯನ್ನೂ ಒಂದು ಟೆಸ್ಟ್ ಟ್ಯೂಬನ್ನೂ ಕೊಂಡು ಮನೆಗೆ ತಂದೆ.

ಅಪ್ಪನನ್ನು ಒಪ್ಪಿಸುವುದೇ ಒಂದು ಸಾಹಸವಾಯಿತು. ಕಾಲೇಜಿನ ಪ್ರಾಕ್ಟಿಕಲ್‌ಗೆ ಬೇಕು ಎಂದಮೇಲೆ ನಗುತ್ತಾ ಒಂದು ಸೀಸೆಯಲ್ಲಿ ಮೂತ್ರ ತಂದುಕೊಟ್ಟ. ಸೀಮೆಎಣ್ಣೆ ಸ್ಟೌವಿನ ಮೇಲೆ ಟ್ಯೂಬು ಹಿಡಿದೆ. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ನಾನು ಅಲ್ಲಿಗೇ ನಿಲ್ಲಲಿ ಎಂದುಕೊಳ್ಳುತ್ತಿದ್ದ ಹಾಗೆ ಟ್ಯೂಬಿನ ತಳದಲ್ಲಿ ಹೆಂಚಿನ ಪುಡಿ ಕದಡಿದ ಹಾಗೆ ಕೆಂಪು ಕೂತಿತು.

"ಅಪ್ಪ, ನಿನಗೆ ಸಕ್ಕರೆ ಕಾಯಿಲೆ ಐತೆ."

ಅಪ್ಪ ಟ್ಯೂಬನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದ. "ಇದ್ರಾಗೆ ಎಲ್ಲಿ ಕಾಣ್ತದಮ್ಮ ಸಕ್ಕರೆ?"

ನಾನು ವಿವರಿಸಲು ಕೂತೆ. ರಕ್ತದಲ್ಲಿ ಸಕ್ಕರೆ ಬೇಕಾದಷ್ಟಿದೆ, ಆದರೆ ಅದು ಸೆಲ್ ಒಳಗೆ ಹೋಗುತ್ತಿಲ್ಲ, ಒಳಗೆ ಬಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದಕ್ಕೇ ಎಷ್ಟು ತಿಂದರೂ ಮೈ ಇಳಿಯುತ್ತಿದೆ, ಉಳಿದ ಸಕ್ಕರೆ ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೋಗುತ್ತಿದೆ ಎಂದೆ.

"ಸೆಲ್ಲು ಅಂದ್ರೆ ಟಾರ್ಚಿಗೆ ಹಾಕ್ತಾರಲ್ಲ, ಅದಾ?"

"ಅಲ್ಲಪ್ಪ. ಜೀವಕೋಶ. ಮೈಯೆಲ್ಲ ಅದರಿಂದ್ಲೇ ಆಗಿರೋದು."

"ನೀನು ನೋಡಿದೀಯಾ ಕಣ್ಣಾರೆ?"

ನಾನು ನೋಡಿದ್ದು ಈರುಳ್ಳಿಯ ಸಿಪ್ಪೆಯ ಕೋಶಗಳನ್ನು. ನಮ್ಮ ಕಾಲೇಜಿನ ಮೈಕ್ರೋಸ್ಕೋಪಿನ ಮುಂದೆ ಸಾಲಿನಲ್ಲಿ ನಿಂತು, ಹಿಂದಿನ ಹುಡುಗಿ ತಳ್ಳುವ ಮುನ್ನ ಸಿಕ್ಕ ಗಳಿಗೆಯಲ್ಲಿ, ಇಟ್ಟಿಗೆ ಜೋಡಿಸಿದ ಹಾಗೆ ಒಂದಿಷ್ಟು ಗೆರೆ. ಅದನ್ನೇ ಹೇಳಿದೆ.

"ಈರುಳ್ಳಿ ನೋಡ್ಕೊಂಡು ಬಂದು ನನಗೆ ಕಾಯಿಲೆ ಅಂತೀಯ," ಎಂದು ಅಪ್ಪ ಎದ್ದ. ಆಮೇಲೆ ಏನೋ ಹೊಳೆದವನ ಹಾಗೆ ಅಡುಗೆಮನೆಗೆ ಹೋಗಿ, ಲೋಟದ ನೀರಿಗೆ ಡಬ್ಬಿಯಿಂದ ಸಕ್ಕರೆ ಸುರಿದು ಕದಡಿಕೊಂಡು ಬಂದ. "ಇದನ್ನ ಕಾಯ್ಸು ನೋಡಾಣ."

ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾವು ಟೀಗೆ ಹಾಕುವ ಸಕ್ಕರೆಗೆ ಆ ದ್ರಾವಣದ ಬಣ್ಣ ತಿರುಗುವುದಿಲ್ಲ. ಅದು ಎರಡು ಸಣ್ಣ ಸಕ್ಕರೆಗಳು ಕೂಡಿ ಆದದ್ದು. ಬಣ್ಣ ತಿರುಗಿಸುವ ತುದಿಗಳೇ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ನೋಟ್ಸಿನಲ್ಲಿ ಅದಕ್ಕೆ ಕೆಳಗೆರೆ ಬೇರೆ ಎಳೆದುಕೊಂಡಿದ್ದೆ. ಕಾಯಿಸುವುದಿಲ್ಲ ಎಂದರೆ ಸೋತ ಹಾಗೆ. ಕಾಯಿಸಿದರೂ ಸೋತ ಹಾಗೆ.

ಕಾಯಿಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು.

ಅಪ್ಪ ಅವ್ವನನ್ನು ಕರೆದು ತೋರಿಸಿದ. "ನೋಡ್ದಾ? ಸಕ್ಕರೆ ಸುರಿದ್ರೂ ಇದಕ್ಕೆ ಸಕ್ಕರೆ ಗೊತ್ತಾಗಲಿಲ್ಲ. ನನ್ನ ಉಚ್ಚೇಲಿ ಹೆಂಗೆ ಗೊತ್ತಾಯ್ತು? ಬುಡಮ್ಮ, ಓದೋದು ಓದು."

"ಅದು ಬೇರೆ ಸಕ್ಕರೆ, ಇದು ಬೇರೆ ಸಕ್ಕರೆ ಅಪ್ಪ," ಎಂದೆ. ನನ್ನ ಕಿವಿಗೇ ಅದು ಹಸಿ ಸುಳ್ಳಿನ ಹಾಗೆ ಕೇಳಿಸಿತು. ಅವ್ವ ನನ್ನ ಕಡೆ ಕನಿಕರದಿಂದ ನೋಡಿ ಒಳಗೆ ಹೋದಳು.

ಮಾರನೆಯ ದಿನ ಮೇಷ್ಟರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ನಾನ್-ರೆಡ್ಯೂಸಿಂಗ್ ಶುಗರ್. ಬರ್ಕೊಂಡಿದೀಯಲ್ಲ," ಅಂದರು.

"ಕನ್ನಡದಲ್ಲಿ ಹೇಗೆ ಹೇಳೋದು ಸರ್?"

ಅವರು ಸ್ವಲ್ಪ ಹೊತ್ತು ನಿಜವಾಗಿಯೇ ಯೋಚಿಸಿದರು. "ಕನ್ನಡದಲ್ಲಿ ಯಾಕಮ್ಮ ಹೇಳ್ಬೇಕು? ಪರೀಕ್ಷೆ ಇಂಗ್ಲಿಷ್‌ನಲ್ಲೇ ಅಲ್ವಾ ಇರೋದು."

ಅವರ ಮೇಲೆ ಬಂದ ಸಿಟ್ಟಿಗೆ ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರು ಬಂತು. ಸಂಜೆ ಔಷಧಿ ಅಂಗಡಿಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಕೊಂಡೆ. ಬಿಸಿಲಿಗೆ ಬಳಲಿದವರಿಗೆ ನೀರಿನಲ್ಲಿ ಕದಡಿ ಕುಡಿಸುತ್ತಾರಲ್ಲ, ಅದೇ. ಅದನ್ನು ಅಪ್ಪನ ಮುಂದೆಯೇ ಕುದಿಸಿ ತೋರಿಸಿದೆ. ಟ್ಯೂಬು ಕೆಂಪಾಯಿತು. ಅಪ್ಪನದೂ ಹೀಗೇ ಆಗಿತ್ತಲ್ಲ ಎಂದೆ.

ಅಪ್ಪ ಪೊಟ್ಟಣವನ್ನು ತಿರುಗಿಸಿ ನೋಡಿದ. "ಈ ಪುಡಿ ಎಲ್ಲಿಂದ ತಂದೆ?"

"ಔಷಧಿ ಅಂಗಡಿಯಿಂದ."

"ಆ ನೀಲಿ ನೀರು?"

"ಅಲ್ಲಿಂದಲೇ."

"ಅಂಗೇಳು ಮತ್ತೆ. ಅವರ ಪುಡಿ, ಅವರ ನೀರು. ಎರಡೂ ಮಾತಾಡ್ಕೊಂಡವೆ." ಅವನು ನಗಲಿಲ್ಲ. ಇನ್ನು ಮೇಲೆ ಮನೆಯಲ್ಲಿ ಇದನ್ನೆಲ್ಲ ಕುದಿಸಬೇಡ, ಬಸ್ಸಿನಲ್ಲಿ ಯಾರ ಮುಂದೆಯೂ ಈ ಮಾತು ಎತ್ತಬೇಡ ಎಂದ. ಕೊನೆಯ ಮಾತನ್ನು ಹೇಳಿದ ರೀತಿಯಲ್ಲಿ ಬೇರೆ ಏನೋ ಇತ್ತು. ನನ್ನ ತಲೆಯಲ್ಲಿ ಸಕ್ಕರೆಯ ರಚನೆಯೇ ತುಂಬಿಕೊಂಡಿದ್ದರಿಂದ ಅದು ಅವತ್ತು ನನಗೆ ಹೊಳೆಯಲಿಲ್ಲ. ಅವನಿಗೆ ಅರ್ಥವಾಗುತ್ತಿಲ್ಲ ಎಂದೇ ನಾನು ತಿಳಿದಿದ್ದೆ.

ಆಮೇಲಿನ ತಿಂಗಳುಗಳು ಯಾತನೆಯವು. ದಿನಾ ಬೆಳಿಗ್ಗೆ ಬಾನೆಟ್ಟಿನ ಪಕ್ಕ ಕೂತು ಅಪ್ಪ ಟೀ ಕುಡಿಯುವುದನ್ನು ನೋಡುತ್ತಿದ್ದೆ. ಕಾಲೇಜಿಗೆ ಹೋದರೆ ಅದೇ ಸಕ್ಕರೆ ಜೀವಕೋಶದಲ್ಲಿ ಯಾವ ಯಾವ ಹಂತದಲ್ಲಿ ಒಡೆಯುತ್ತದೆಂದು ಬಾಯಿಪಾಠ ಮಾಡುತ್ತಿದ್ದೆ. ಸಕ್ಕರೆ ಒಳಗೆ ಬಾರದ ಕೋಶ ಹಸಿದು ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳುತ್ತದೆ ಎಂಬ ಸಾಲು ಓದಿದರೆ ಅಪ್ಪನ ಕುತ್ತಿಗೆಯ ನರ ಕಾಣುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ ಭಾನುವಾರ ಎನ್ನುತ್ತಿದ್ದ. ಭಾನುವಾರ ಬಂದರೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಮಲಗುತ್ತಿದ್ದ.

ಒಂದು ಶನಿವಾರ ನಾನು ಕುಣಿಗಲ್ಲಿನಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿ ಸಂಜೆಯ ಟ್ರಿಪ್ಪಿಗೆ ಅಪ್ಪನ ಬಸ್ಸಿನಲ್ಲೇ ವಾಪಸು ಹೊರಟಿದ್ದೆ. ಬಸ್ ತುಂಬಿತ್ತು. ಕುಣಿಗಲ್ ಬಿಟ್ಟು ಹೆಬ್ಬೂರು ಇನ್ನೂ ದೂರವಿರುವಾಗ ಕತ್ತಲಾಗುತ್ತಾ ಬಂತು. ಎದುರಿಗೆ ಲಾರಿಯೊಂದು ಲೈಟು ಹಾಕಿಕೊಂಡು ಬಂದು ಹೋಯಿತು. ಅಪ್ಪ ಬಸ್ಸನ್ನು ನಿಧಾನ ಮಾಡಿದ. ಇನ್ನೂ ನಿಧಾನ ಮಾಡಿದ. ಕೊನೆಗೆ ರಾಗಿ ಹೊಲದ ಬದಿಗೆ ತಂದು ನಿಲ್ಲಿಸಿ ಇಂಜನ್ ಆಫ್ ಮಾಡಿದ. ಬಯಲಿಗೆ ಹೋಗಲು ಇರಬೇಕೆಂದು ಎಲ್ಲರೂ ಸುಮ್ಮನಿದ್ದರು. ಅವನು ಇಳಿಯಲಿಲ್ಲ. ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಕೂತೇ ಇದ್ದ.

ಹಿಂದಿನಿಂದ ಕಂಡಕ್ಟರ್ ಜನರನ್ನು ದಾಟಿಕೊಂಡು ಬಂದ. "ಯಾಕಣ್ಣ, ಪಂಚರಾ?"

"ಇಲ್ಲ ಕಣೋ. ನನಗೆ ರಸ್ತೆ ಕಾಣ್ತಿಲ್ಲ."

"ಲೈಟ್ ಹೋಯ್ತಾ?"

"ಲೈಟ್ ಸರಿಯಾಗೈತೆ. ಕಣ್ಣು ಮಂಜು. ಇಷ್ಟು ಜನನ್ನ ಕೂರಿಸ್ಕೊಂಡು ನಾನು ಹೊಡಿಯಲ್ಲ. ಹಿಂದೆ ಬರೋ ಬಸ್ಸಿಗೆ ಹತ್ತಿಸ್ಬುಡು."

ಜನ ಇಳಿದರು. ಕೆಲವರು ಬೈದರು, ಕುಡಿದಿದ್ದಾನೆ ಎಂದು ಒಬ್ಬರು ಜೋರಾಗಿಯೇ ಅಂದರು. ನಾನು ಆ ಮನುಷ್ಯನ ಕಡೆ ತಿರುಗಿದೆ. ಅಪ್ಪ ಬೇಡ ಎಂಬ ಹಾಗೆ ತಲೆಯಾಡಿಸಿದ. ಹಿಂದಿನ ಬಸ್ ಬಂದು, ಎಲ್ಲರನ್ನೂ ತುಂಬಿಕೊಂಡು ಹೋಯಿತು. ಕಂಡಕ್ಟರೂ ಅದರಲ್ಲೇ ಹೋಗಿ ತುಮಕೂರಿನಿಂದ ಬೇರೆ ಡ್ರೈವರನ್ನು ಕರೆತರುವುದಾಗಿ ಹೇಳಿದ. ನಾವಿಬ್ಬರೇ ಉಳಿದೆವು.

ಅಪ್ಪ ಫುಟ್‌ಬೋರ್ಡಿನ ಮೇಲೆ ಕೂತು ಕ್ಯಾನಿನಿಂದ ನೀರು ಕುಡಿದ. ಮುಚ್ಚಳ ತಿರುಗಿಸುತ್ತಾ, "ಈಗ ನಿನಗೆ ಸಮಾಧಾನ ಆಯ್ತಾ?" ಎಂದ.

"ನನಗ್ಯಾಕಪ್ಪ ಸಮಾಧಾನ?"

"ನೀನು ಅವತ್ತು ಹೇಳ್ದಾಗ್ಲೇ ನನಗೆ ಗೊತ್ತಾಯ್ತು. ನಮ್ಮ ಲೈನಲ್ಲಿ ಒಬ್ಬ ಡ್ರೈವರಿಗೆ ಇದೇ ಕಾಯಿಲೆ ಇತ್ತು. ಗೊತ್ತಾಗಿದ್ದೇ ತಡ, ಸ್ಟೇರಿಂಗ್ ಮುಟ್ಟಕ್ಕೆ ಬುಡಲಿಲ್ಲ. ನನಗೆ ಇದು ಬುಟ್ರೆ ಇನ್ನೇನು ಬತ್ತದೆ ಹೇಳು?"

ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಎಷ್ಟು ತಿಂಗಳು ನಾನು ಎರಡು ಸಕ್ಕರೆಗಳ ವ್ಯತ್ಯಾಸಕ್ಕೆ ಕನ್ನಡ ಹುಡುಕಿಕೊಂಡು ಒದ್ದಾಡಿದ್ದೆ. ಇವನಿಗೆ ಬೇಕಾಗಿದ್ದದ್ದು ಅದು ಆಗಿರಲೇ ಇಲ್ಲ. "ಮೊದ್ಲೇ ಮಾತ್ರೆ ತಗೊಂಡಿದ್ರೆ ಕಣ್ಣು ಮಂಜಾಗ್ತಿರ್ಲಿಲ್ಲ," ಎಂದೆ. ಬೇರೆ ಡ್ರೈವರ್ ಬಂದಾಗ ಕೀ ಅವನ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಪ್ಯಾಸೆಂಜರನ ಹಾಗೆ ಕೂತ. ಅಲ್ಲಿ ಕೂತು ಅಭ್ಯಾಸವಿಲ್ಲದ್ದರಿಂದ ಪ್ರತಿ ತಿರುವಿನಲ್ಲೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಸೋಮವಾರ ತುಮಕೂರಿನಲ್ಲಿ ಡಾಕ್ಟರ ಹತ್ತಿರ ಹೋದೆವು. ಅವರ ಕಾಂಪೌಂಡರು ಅದೇ ನೀಲಿ ದ್ರಾವಣವನ್ನು ಸ್ಪಿರಿಟ್ ದೀಪದ ಮೇಲೆ ಕುದಿಸಿದ. ಅದೇ ಇಟ್ಟಿಗೆ ಬಣ್ಣ ಬಂತು. ಡಾಕ್ಟರು ತಲೆಯೆತ್ತದೆ, "ಸಕ್ಕರೆ ಇದೆ. ಮಾತ್ರೆ ಬರೆದಿದೀನಿ. ಸಿಹಿ ಬಿಡಿ," ಎಂದರು. ಅಪ್ಪ "ಆಯ್ತು ಸ್ವಾಮಿ" ಎಂದು ಕೈ ಮುಗಿದ. ಯಾವ ಸಕ್ಕರೆ ಎಂದು ಕೇಳಲಿಲ್ಲ, ಕಣ್ಣಾರೆ ನೋಡಿದ್ದೀರಾ ಎಂದೂ ಕೇಳಲಿಲ್ಲ.

ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಕಣ್ಣಿನ ಮಂಜು ಹೋಯಿತು. ಮೈ ಸ್ವಲ್ಪ ತುಂಬಿಕೊಂಡಿತು. ಆದರೆ ಬಸ್ಸಿನ ಮಾಲೀಕರು ಅಷ್ಟರಲ್ಲಿ ಬೇರೆಯವನನ್ನು ಹಾಕಿಕೊಂಡಿದ್ದರು. ಹಳೆಯ ಮನುಷ್ಯ ಎಂದು ಕೈಬಿಡದೆ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಜನರನ್ನು ಕೂಗಿ ಕರೆಯುವ ಕೆಲಸ ಕೊಟ್ಟರು. ಕಾಲೇಜು ಬಿಟ್ಟು ಬರುವಾಗ "ಹೆಬ್ಬೂರು, ಕುಣಿಗಲ್, ಕುಣಿಗಲ್" ಎಂದು ಅಪ್ಪನ ಕೂಗು ಕೇಳುತ್ತಿತ್ತು. ಕೇಳಿದವರಿಗೆ ಮಂಡಿನೋವಿಗೆ ಡ್ರೈವಿಂಗ್ ಬಿಟ್ಟೆ ಎನ್ನುತ್ತಿದ್ದ. ನನ್ನ ಜೊತೆ ಮಾತು ಕಡಿಮೆಯಾಯಿತು. ಕಾಯಿಲೆ ತಂದವಳು ನಾನೇ ಎಂಬ ಹಾಗಿತ್ತು ಅದು. ಅವ್ವ ಕೂಡ ಒಮ್ಮೆ, "ನೀನು ಆ ಬಾಟ್ಲಿ ತರದೇ ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು ತಟ್ಟೆ ಬಿಟ್ಟು ಎದ್ದು ಹೋದೆ.

ಆ ವರ್ಷದ ಪರೀಕ್ಷೆಯಲ್ಲಿ ಟೀ ಸಕ್ಕರೆ ಆ ದ್ರಾವಣಕ್ಕೆ ಯಾಕೆ ಬಣ್ಣ ಕೊಡುವುದಿಲ್ಲ ಎಂಬ ಪ್ರಶ್ನೆಯೇ ಬಂದಿತ್ತು. ನನಗಿಂತ ಚೆನ್ನಾಗಿ ಅದನ್ನು ತಿಳಿದವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ. ಆದರೂ ಇಂಗ್ಲಿಷಿನ ವಾಕ್ಯಗಳು ಕಟ್ಟಿಕೊಳ್ಳದೆ, ಹೊಡೆದುಹಾಕಿ, ಮತ್ತೆ ಬರೆಯುವಷ್ಟರಲ್ಲಿ ಅರ್ಧ ಪುಟದಲ್ಲೇ ಬೆಲ್ ಹೊಡೆಯಿತು. ಪಾಸೇನೋ ಆದೆ, ಅಂಚಿನ ಮಾರ್ಕ್ಸಿನಲ್ಲಿ.

ಡಿಗ್ರಿ ಮುಗಿದ ಮೇಲೆ ತುಮಕೂರಿನ ರಕ್ತ, ಮೂತ್ರ ಪರೀಕ್ಷೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ. ಸಕ್ಕರೆ ಪರೀಕ್ಷೆಗೆ ಅಪ್ಪ ಅಲ್ಲಿಗೇ ಬರುತ್ತಾನೆ ಎಂದುಕೊಂಡಿದ್ದೆ. ಬರಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಹೊರಗೆ ನಿಂತಿದ್ದಾಗ, ಅವನು ಕಾಗದ ಸುತ್ತಿದ ಸೀಸೆ ಹಿಡಿದು ರಸ್ತೆಯ ಆಚೆ ಬದಿಯಲ್ಲಿದ್ದ ಇನ್ನೊಂದು ಲ್ಯಾಬಿಗೆ ಹೋಗುವುದು ಕಂಡಿತು. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಾಗ ಕೇಳಿದೆ.

"ನಿನ್ನತಾವ ಬಂದ್ರೆ ಪಾಠ ಮಾಡ್ತೀಯ," ಎಂದ ಅಪ್ಪ, ಕಿಟಕಿಯ ಹೊರಗೆ ನೋಡುತ್ತಾ. "ಅಲ್ಲಿ ಬರೀ ರಿಪೋರ್ಟ್ ಕೊಡ್ತಾರೆ."